ರಿಕಾಪಿನ ಪಟ್ಟಿ

'ಬಲ ಮುಂಗಾಲು' ಅಂದರು ಅಬ್ಬಾ, ಕಣ್ಣು ಬಿಡದೆ.
ಲಷ್ಕರ್ ಮೊಹಲ್ಲದ ನಮ್ಮ ಬಾಗಿಲಿಗೆ
ಬೆನ್ನು ಕೊಟ್ಟು ಮಲಗಿದ್ದರು.
ಹೊರಗೆ ಯಾರದೋ ಮದುವೆ, ಬ್ಯಾಂಡು, ಜನರೇಟರಿನ ಗುಡುಗು,
ಅದರ ಅಡಿಯಲ್ಲೆಲ್ಲೋ ನಾಲ್ಕು ಲಾಳಗಳಲ್ಲಿ ಒಂದು
ನೆಲದ ಅಪ್ಪಣೆ ಕೇಳಿ ಊರುತ್ತಿತ್ತು.
ನಲವತ್ತು ವರ್ಷ ಲಾಳ ಕಟ್ಟಿದ ಕಿವಿ.

ನನಗೆ ಬಂದದ್ದು ಕಿವಿಯಲ್ಲ, ಸೊಂಟ.
ನನ್ನದು ಎನ್ನುವ ಕುದುರೆಯಿಲ್ಲ,
ಚಾಮುಂಡಿ ಬೆಟ್ಟದ ಕೆಳಗಿನ ಲಾಯದಲ್ಲಿ
ಬೆಳಗ್ಗೆ ಐದೂವರೆಗೆ ಊರವರ ಕುದುರೆ ಬಿಚ್ಚಿ
ಅವರ ಪರವಾಗಿ ಬೆವರಿಸಿ ತರುತ್ತೇನೆ.
ಸವಾರಿಗೆ ಮುನ್ನೂರು.

ಜಾಜಿ ಧರಣೇಂದ್ರ ಸಾರ್ ಅವರದು.
ಕಾಗದದಲ್ಲಿ ಅವಳಿಗೆ ಇನ್ನೊಂದು ಹೆಸರು,
ಇಂಗ್ಲಿಷಿನದು, ಉದ್ದದ್ದು,
ಒಂದು ಕಾಲಕ್ಕೆ ರೇಸಿನ ಪುಸ್ತಕದಲ್ಲಿ ಅಚ್ಚಾಗಿತ್ತಂತೆ.
ಸಾರ್ ಕೆಟ್ಟವರಲ್ಲ.
ಭಾನುವಾರ ಮಂಡ್ಯದ ಅಚ್ಚುಬೆಲ್ಲ ತರುತ್ತಾರೆ,
ಅಂಗೈ ಚಪ್ಪಟೆ ಮಾಡಿ ತಿನ್ನಿಸುತ್ತಾರೆ,
ಹಲ್ಲು ತಾಗಿದರೆ ನಗುತ್ತಾರೆ,
ಮಗಳೇ ಎನ್ನುತ್ತಾರೆ.

ಕುಕ್ಕುಲೋಟದಲ್ಲಿ ಅವಳ ತಲೆ ಏಳುವುದು ಬೀಳುವುದು ಕಂಡು
'ನೋಡು ನಿಗಾರ್, ಹೂಂ ಹೂಂ ಅಂತಾಳೆ,
ಏನು ಹೇಳಿದ್ರೂ ಒಪ್ಪಿಗೆ' ಅಂದರು.
ನೋವಿನ ಕಾಲು ಊರುವಾಗ ತಲೆ ಏಳುತ್ತದೆ,
ಗಟ್ಟಿ ಕಾಲಿಗೆ ಇಳಿಯುತ್ತದೆ.
ಅದು ಹೂಂ ಅಲ್ಲ.
ನಾನು ಹೂಂ ಅಂದೆ.

ಮಂಗಳವಾರ. ಮಣ್ಣುದಾರಿ ಮುಗಿದು
ಡಾಂಬರು ಶುರುವಾದ ಕಡೆ
ನನ್ನ ಬೆನ್ನುಹುರಿಗೆ ಮೊದಲು ತಿಳಿಯಿತು.
ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ
ಬಾಯಲ್ಲೇ ಉಳಿದ ಮಾತು.
ಇಳಿದೆ. ಗೊರಸು ಮುಟ್ಟಿದೆ.
ಒಲೆಯ ಹಿಂದಿನ ಗೋಡೆಯಷ್ಟು ಬೆಚ್ಚಗಿತ್ತು.
ಲಗಾಮು ಹಿಡಿದು ನಡೆಸಿಕೊಂಡು ಹೊರಟೆ,
ಎರಡು ಮೈಲಿ,
ವಾಕಿಂಗಿನ ಹೆಂಗಸರು ನಮ್ಮನ್ನು ದಾಟಿಹೋದರು.

ಹಿಂದಿನಿಂದ ಕಾರು. ಗಾಜು ಇಳಿಯಿತು.
'ಯಾಕೆ, ಏನಾಯ್ತು?'
ಕುಂಟು ಅನ್ನುವ ಮಾತು ನಾಲಿಗೆಯ ಮೇಲಿತ್ತು.
ಹೋದ ವರ್ಷ ಇನ್ನೊಬ್ಬರ ಕಂದು ಕುದುರೆಗೆ ಹಾಗೆಂದಿದ್ದೆ,
ಮರುದಿನದಿಂದ ಅದು ನನ್ನ ಪಟ್ಟಿಯಲ್ಲಿರಲಿಲ್ಲ,
ಕುದುರೆಯಲ್ಲ, ನಾನು ಸರಿಯಿಲ್ಲ ಎಂದು.
'ರಿಕಾಪಿನ ಪಟ್ಟಿ ಕಿತ್ತುಬಂತು ಸಾರ್.'
'ಅಯ್ಯಯ್ಯೋ, ಬಿದ್ದಿದ್ದರೆ!' ಅಂದರು.
ನಿಜವಾಗಿಯೂ ಗಾಬರಿಯಾಗಿದ್ದರು.

ಬುಧವಾರ ಹೋಗಿ ನೋಡಿದರೆ
ಜೀನಿನ ಎರಡೂ ಬದಿಗೆ ಹೊಸ ಪಟ್ಟಿ.
ಮಂಡಿ ಮೊಹಲ್ಲದಲ್ಲಿ ತಾವೇ ನಿಂತು
ಜೋಡಿ ಹೊಲಿಗೆ ಹಾಕಿಸಿ ತಂದಿದ್ದಾರೆ.
ಚರ್ಮ ಇನ್ನೂ ಎಣ್ಣೆಯ ವಾಸನೆ.
ನನ್ನ ಸುಳ್ಳಿಗೆ ಒಂದೇ ರಾತ್ರಿಯಲ್ಲಿ ರಿಪೇರಿ.
ಜಾಜಿ ಬಲಗಾಲನ್ನು ಒಂದು ಗೇಣು ಮುಂದೆ ಚಾಚಿ
ಭಾರ ಇಳಿಸಿ ನಿಂತಿದ್ದಳು,
ಬಸ್ ಸ್ಟಾಪಿನಲ್ಲಿ ಕಾಯುವವರ ಹಾಗೆ.
ಒಂದು ಕಿವಿ ನನ್ನ ಕಡೆ.

'ಸಾರ್,' ಅಂದೆ, 'ಬಲಗಾಲು. ನೋವಿದೆ.'

ಅವರು ನನ್ನ ಬೂಟು ನೋಡಿದರು.
'ನಿನ್ನೆ ಅಷ್ಟು ದೂರ ನಡೆದೆಯಲ್ಲ, ಅದಕ್ಕೇ.
ಎರಡು ದಿನ ರಜ ಹಾಕು. ದುಡ್ಡು ಕೊಡ್ತೀನಿ.
ಏ ಮಾದೂ, ನೀನು ಹತ್ತೋ.'

ನನ್ನದಲ್ಲ ಎನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಕೈ ತಾನಾಗಿ ಚಾಚಿತ್ತು,
ಚಪ್ಪಟೆ ಅಂಗೈ,
ಅದರ ಮೇಲೆ ಆರು ನೂರು.

ಸೋಸಲೆಯ ಹುಡುಗ ಹೊಸ ಪಟ್ಟಿಗೆ ಕಾಲಿಟ್ಟು ಹತ್ತಿದ.
ಜಾಜಿ ಹೂಂ, ಹೂಂ ಎನ್ನುತ್ತಾ ಹೋದಳು.

ನಾನು ಗೇಟಿನ ತನಕ ಕುಂಟಿದೆ,
ಸಾರ್ ನೋಡುತ್ತಿದ್ದರು.
ಅರ್ಧ ದಾರಿಯಲ್ಲಿ ಹೊಳೆಯಿತು,
ಕುಂಟುತ್ತಿರುವುದು ಎಡಗಾಲು.
ತಿರುಗಿ ನೋಡಿದೆ.
ಹುಷಾರು, ನಿಧಾನ, ಎಂದು ಕೈ ಬೀಸಿದರು.